ಸೆರಗಿನ ಫ್ಯೂಸು

ಕೃಷ್ಣಮೋಹನ ಸ್ವಿಚ್ಚನ್ನು ಇನ್ನೊಮ್ಮೆ ಒತ್ತಿದ. ಚಾಕೋನ ರೇಡಿಯೋ ಸೆಟ್ಟು ಕಣ್ಣು ಬಿಡಲಿಲ್ಲ. ಆಚೆ ಚಾವಡಿಯಲ್ಲಿ ಚಾಕೋನ ಶವಪೆಟ್ಟಿಗೆಯ ಸುತ್ತ ಪ್ರಾರ್ಥನೆ ನಡೆಯುತ್ತಿತ್ತು. ತಮ್ಮ ಹವ್ಯಾಸಿ ಹ್ಯಾಮ್ ರೇಡಿಯೋ ಬಳಗದಲ್ಲಿ ಯಾರು ತೀರಿಕೊಂಡರೂ ಸುದ್ದಿಯನ್ನು ಅವರದೇ ಸೆಟ್ಟಿನಿಂದ ಹೇಳುವುದು ವಾಡಿಕೆ. ಸಂಜೆ ಊರೂರಿನಲ್ಲಿ ಕಿವಿಗೊಟ್ಟು ಕೂರುವವರಿದ್ದರು. ಅದಕ್ಕೆಂದೇ ಅವನು ಸುಳ್ಯದಿಂದ ಬೇಗ ಹೊರಟು ಬಂದದ್ದು.

ಸೆಟ್ಟಿನ ಹಿಂದೆ ಬಗ್ಗಿ ನೋಡಿದ. "ಫ್ಯೂಸೇ ಇಲ್ಲ ಮಾರಾಯ."

"ಕಡಬದಿಂದ ತರುವ. ಅದೆಂತ ದೊಡ್ಡ ವಿಷಯ," ಎಂದ ಚಾಕೋನ ತಮ್ಮ ಡೆನ್ನಿಸ್.

"ಬೇಡ ಮೋಹನ." ಬಾಗಿಲಲ್ಲಿ ಚಾಕೋನ ಹೆಂಡತಿ ಅಗ್ನಸ್ ನಿಂತಿದ್ದಳು. ಬಿಳಿ ಸೆರಗಿನ ತುದಿ ಮುಷ್ಟಿಯೊಳಗಿತ್ತು. "ಸೆಟ್ ಹಾಕ್ಬೇಡ. ಇವರು ಇನ್ನೂ ಇಳೀಲಿಲ್ಲ."

ಅವಳು ಹೋದ ಮೇಲೆ ಡೆನ್ನಿಸ್ ಕಣ್ಣೊರೆಸಿಕೊಂಡ. "ನಿನ್ನೆಯಿಂದ ಹೀಗೇ ಹೇಳುದು."

ಅಂಗಳದಲ್ಲಿ ನೆರೆಮನೆಯ ಹಸನಬ್ಬ, ಚಾಕೋ ನಿನ್ನೆ ಹತ್ತಿದ್ದ ಆಂಟೆನಾ ಟವರನ್ನೇ ನೋಡುತ್ತಿದ್ದರು. "ಬೆಲ್ಟು, ಹಗ್ಗ, ಟೊಪ್ಪಿ. ಸ್ಪಾನರಿಗೂ ಹಗ್ಗ ಕಟ್ಟಿ ಹತ್ತುವ ಜನ. ಎಂತ ಪ್ರಯೋಜನ ಆಯ್ತು?"

"ಬೆಲ್ಟು ಕೈ ಬಿಡ್ಲಿಲ್ಲ ಮಾರಾಯ್ರೆ," ಎಂದ ಕೃಷ್ಣಮೋಹನ. "ಹೃದಯ ನಿಂತದ್ದು. ಅದಕ್ಕೆ ಕಟ್ಲಿಕ್ಕೆ ಬೆಲ್ಟ್ ಇಲ್ಲ."

* * *

ಮೊದಲ ಸಲ ಈ ಮನೆಗೆ ಬಂದಾಗ ಕೃಷ್ಣಮೋಹನ ನಕ್ಕಿದ್ದ. ಚಾಕೋ ಸೆಟ್ಟಿನ ಫ್ಯೂಸು ಕಿತ್ತು ಹೆಂಡತಿಯ ಕೈಗೆ ಕೊಟ್ಟು, ಆಮೇಲೆ ಬೆಲ್ಟು ಬಿಗಿದುಕೊಂಡಿದ್ದ.

"ಎಂತ ಚಾಕೋ ಚೇಟ, ತಾಳಿ ಕೊಟ್ಟ ಹಾಗೆ ಕೊಡ್ತೀರಿ?"

"ನಾನು ಮೇಲೆ ಆಂಟೆನಾ ಹಿಡ್ಕೊಂಡಿರುವಾಗ ನಿನ್ನಂಥವ ಒಬ್ಬ ಸೆಟ್ ಹಾಕಿ ಹಲೋ ಹಲೋ ಹೇಳಿದ್ರೆ ಸುಡುದು ನನ್ನ ಕೈ. ನನ್ನ ಎರಡು ಕಾಲೂ ನೆಲ ಮುಟ್ಟದೆ ಇವಳು ಫ್ಯೂಸ್ ಕೊಡುದಿಲ್ಲ. ಪಾದ್ರಿಗಳು ಬಂದು ಕೇಳಿದ್ರೂ ಇಲ್ಲ."

ಅಗ್ನಸ್ ಅದನ್ನು ಸೆರಗಿಗೆ ಗಂಟು ಹಾಕಿ, ತಾನೂ ಹೆಲ್ಮೆಟ್ ಏರಿಸಿಕೊಂಡು, ಹಗ್ಗ ಹಿಡಿದು ಕತ್ತೆತ್ತಿ ನಿಂತಳು. ಕೆಲಸ ಮುಗಿಸಿ ಬಂದ ಚಾಕೋ ಎರಡೂ ಕಾಲು ನೆಲಕ್ಕೆ ಕುಟ್ಟಿ, ತಮ್ಮೂರಿನ ಹೆಸರು ಕೂಗುವ ಬಸ್ಸಿನ ಕಂಡಕ್ಟರನ ಮೂಗುಸ್ವರ ತೆಗೆದ. "ಇಚಿಲಂಪಾಡಿ, ಇಚಿಲಂಪಾಡಿ. ಇಳಿಯುವವರು ಇಳೀರಿ."

ಅವಳು ನಗುತ್ತ ಗಂಟು ಬಿಚ್ಚಿದಳು.

* * *

ಇಗರ್ಜಿಯ ಹಿಂದಿನ ಗುಡ್ಡೆಯಲ್ಲಿ ಗುಂಡಿ ತೋಡಿದ್ದರು. ಡೆನ್ನಿಸ್ ತರಿಸಿದ ಹೊಸ ಫ್ಯೂಸು ಕೃಷ್ಣಮೋಹನನ ಜೇಬಿನಲ್ಲೇ ಇತ್ತು. ಹಾಕಲು ಕೈ ಬಂದಿರಲಿಲ್ಲ. ನಿನ್ನೆ ಚಾಕೋನನ್ನು ಟವರಿನಿಂದ ಸ್ಟ್ರೆಚರಿನಲ್ಲಿ ಇಳಿಸಿದ್ದರು. ಸ್ಟ್ರೆಚರಿನಿಂದ ಆಂಬುಲೆನ್ಸು, ಆಂಬುಲೆನ್ಸಿನಿಂದ ಆಸ್ಪತ್ರೆಯ ಮಂಚ, ಮಂಚದಿಂದ ಪೆಟ್ಟಿಗೆ, ಪೆಟ್ಟಿಗೆಯಲ್ಲೇ ಹೆಗಲ ಮೇಲೆ ಇಲ್ಲಿಯವರೆಗೆ. ಚಾಕೋ ಎಲ್ಲಿಯೂ ನೆಲ ಮುಟ್ಟಿರಲಿಲ್ಲ.

ಪಾದ್ರಿಗಳ ಪ್ರಾರ್ಥನೆ ಮುಗಿಯಿತು. ಹಗ್ಗದ ಒಂದು ತುದಿ ಕೃಷ್ಣಮೋಹನನ ಪಾಲಿಗೆ ಬಂತು.

"ಒಟ್ಟಿಗೆ ಬಿಡಿ. ನಿಧಾನ," ಎಂದಳು ಅಗ್ನಸ್. ಅಳುತ್ತಿದ್ದವರು ತಲೆ ಎತ್ತಿ ನೋಡಿದರು. ಅವಳ ಕಣ್ಣು ಹಗ್ಗದ ಮೇಲಿತ್ತು.

ಪೆಟ್ಟಿಗೆ ಇಳಿಯಿತು. ಅಡಿಯಲ್ಲಿ ಮೆತ್ತಗೆ ಸದ್ದಾಗಿ ಅವನ ಕೈಯ ಹಗ್ಗ ಸಡಿಲಾಯಿತು.

ಅಗ್ನಸ್ ಬಗ್ಗಿ ನೋಡಿದಳು. "ಇಚಿಲಂಪಾಡಿ," ಎಂದಳು, ಪಕ್ಕದಲ್ಲಿದ್ದ ಅವನಿಗಷ್ಟೇ ಕೇಳುವಂತೆ.

ಸೆರಗಿನ ಗಂಟು ಬಿಗಿದುಹೋಗಿತ್ತು. ಹಲ್ಲಿನಿಂದ ಕಚ್ಚಿ ಬಿಚ್ಚಿದಳು. ಅವನ ಅಂಗೈಗೆ ಬಿದ್ದ ಫ್ಯೂಸು ಬೆಚ್ಚಗಿತ್ತು.