ಮೇಣದ ಮೇಲಿನ ಕಲ್ಲು

ಹತ್ತು ವರ್ಷದಿಂದ ತಂಗಿ ಆ ಕಪಾಟಿಗೆ ಬೆನ್ನು ಹಾಕಿಯೇ ಕೂರುತ್ತಿದ್ದಳು. ಖನಿಜ ಪರೀಕ್ಷಿಸುವ ಆ ಕೋಣೆಯಲ್ಲಿ ಎರಡು ಸ್ಟೂಲು. ಒಂದು ಅವಳದು, ಇನ್ನೊಂದು ತೀರಿಹೋದ ಅಕ್ಕನದು. ಖಾಲಿ ಸ್ಟೂಲಿನಿಂದ ದಿನಾ ಅದೇ ದನಿ: "ಪಕ್ಕದಿಂದ ನೋಡೇ, ಒಂದೇ ಒಂದು ಸಲ." ದೆವ್ವ ಎಂದರೆ ನಗುವ ಹೆಂಗಸು ಈ ದನಿಗೆ ಮಾತ್ರ ಬೆವರುತ್ತಿದ್ದಳು.

ಎಲ್ಲಕ್ಕೂ ಕಾರಣ ಕಡಲೆಕಾಳಿನಷ್ಟು ದೊಡ್ಡ ನೇರಳೆ ಕಲ್ಲು. ಅದು ಬಲು ಅಪರೂಪದ ಟಾಫೈಟ್ ಎಂದು ಕಂಡುಹಿಡಿದವಳು ತಂಗಿಯೇ. ಅದರಂತೆಯೇ ಕಾಣುವ ಇನ್ನೊಂದಿದೆ, ನೇರಳೆ ಸ್ಪಿನೆಲ್. ಅದೂ ಸುಲಭಕ್ಕೆ ಸಿಗದು, ಆದರೂ ಟಾಫೈಟಿನ ಮುಂದೆ ಅದಕ್ಕೇನು ಬೆಲೆ? ಬಣ್ಣ ಒಂದೇ, ಗಡಸು ಒಂದೇ, ತೂಗಿದರೂ ಕೂದಲೆಳೆಯ ವ್ಯತ್ಯಾಸ. ಬೇರೆಯಿರುವುದು ಒಳಗಿನ ಕಟ್ಟು. ಸ್ಪಿನೆಲಿನದು ಘನಾಕೃತಿ, ಬೆಳಕು ಒಂದಾಗಿಯೇ ಹಾಯುತ್ತದೆ. ಟಾಫೈಟಿನದು ಆರು ಮೂಲೆ, ಬೆಳಕು ಎರಡಾಗಿ ಸೀಳುತ್ತದೆ. ಭೂತಕನ್ನಡಿಯಲ್ಲಿ ಕಲ್ಲಿನ ಹಿಂಬದಿಯ ಅಂಚಿನ ಗೆರೆ ಜೋಡಿಯಾಗಿ ಕಾಣುತ್ತದೆ. ತಂಗಿ ಚಿಮಟದಲ್ಲಿ ಹಿಡಿದಾಗ ಜೋಡಿ ಗೆರೆ ಕಂಡಿತ್ತು. ಅಬ್ಬಾ, ಅವಳ ಜಂಬವೇ ಜಂಬ!

ತಿಂಗಳಾದ ಮೇಲೆ ಕಲ್ಲನ್ನು ಪ್ರದರ್ಶನಕ್ಕೆಂದು ಮೇಣದ ಮೇಲೆ ಕೂರಿಸಿ, ಅಕ್ಕ ಮೇಲಿನಿಂದ ನೋಡಿದಳು. ಒಂದೇ ಗೆರೆ. ಕಂಡದ್ದನ್ನು ಕಂಡ ಹಾಗೆ ಬರೆದಳು, ಪಾಪ. ಮುಖ್ಯಸ್ಥರೂ ಮೇಲಿನಿಂದಲೇ ನೋಡಿದರು, ಒಂದೇ. ಕಲ್ಲಿದ್ದ ಕಪಾಟಿನ ಬೀಗದ ಕೈ ಅಕ್ಕನ ಹತ್ತಿರ. ಇನ್ನೇನು ಬೇಕು? ಕಲ್ಲು ಬದಲಾಯಿಸಿದ ಕಳ್ಳಿ ಎಂದಾಯಿತು.

"ನೀನು ಹೇಳಮ್ಮ, ಅವತ್ತು ನೋಡಿದ್ದು ಇದೇ ಕಲ್ಲಾ?" ಎಂದರು ಮುಖ್ಯಸ್ಥರು.

"ಮೇಣ ಬಿಡಿಸಿ ಪಕ್ಕದಿಂದ ನೋಡೇ," ಎಂದಳು ಅಕ್ಕ.

ತಂಗಿ ನೋಡಲಿಲ್ಲ. ಅಲ್ಲೂ ಒಂದೇ ಗೆರೆ ಕಂಡರೆ ತನ್ನ ಶೋಧವೇ ಸುಳ್ಳಾದೀತು ಎಂಬ ಭಯ. "ಇದಲ್ಲ ಸಾರ್" ಎಂದುಬಿಟ್ಟಳು. ಕಲ್ಲಿನ ಡಬ್ಬಿಗೆ ಅರಗಿನ ಮುದ್ರೆ ಬಿತ್ತು, ಅದು ಮತ್ತೆ ಕಪಾಟು ಸೇರಿತು. ಕೆಲಸ ಕಳೆದುಕೊಂಡ ಅಕ್ಕ ವರ್ಷ ತಿರುಗುವುದರೊಳಗೆ ಬಾಡಿಗೆ ಕೋಣೆಯೊಂದರಲ್ಲಿ ಜ್ವರ ಬಂದು ಕಣ್ಣು ಮುಚ್ಚಿದಳು. ತಂಗಿ ಮುಖ ನೋಡಲಿಕ್ಕೂ ಹೋಗಲಿಲ್ಲ. ಕಳ್ಳಿಯ ತಂಗಿ ಎನಿಸಿಕೊಳ್ಳುವ ಹೆದರಿಕೆ, ಥೂ!

ಈವತ್ತು ಬಣ್ಣ ಬಳಿಯುವವರು ಕಪಾಟು ಸರಿಸುವಾಗ ಡಬ್ಬಿ ಕೆಳಗೆ ಬಿತ್ತು. ಮುದ್ರೆ ಒಡೆಯಿತು. ಒಣಗಿದ ಮೇಣದಿಂದ ಕಲ್ಲು ತಾನಾಗಿ ಬಿಟ್ಟುಕೊಂಡು, ಉರುಳಿ ಬಂದು ಅವಳ ಕಾಲ ಬಳಿ ನಿಂತಿತು.

ಎತ್ತಿ, ಭೂತಕನ್ನಡಿ ಹಿಡಿದು ಪಕ್ಕದಿಂದ ನೋಡಿದಳು. ಜೋಡಿ ಗೆರೆ. ಕಲ್ಲಿನ ಮೇಲ್ಮುಖ ಕಣ್ಣಿಗೆ ನೇರವಾಗುವಂತೆ ಮೆಲ್ಲಗೆ ತಿರುಗಿಸಿದಳು. ಎರಡೂ ಹತ್ತಿರ ಬಂದು ಬಂದು ಒಂದಾದವು. ಟಾಫೈಟಿನಲ್ಲೂ ಬೆಳಕು ಸೀಳದ ದಿಕ್ಕು ಒಂದಿರುತ್ತದೆ; ಕಲ್ಲು ಕೊರೆದವನು ಮೇಲ್ಮುಖವನ್ನು ಆ ದಿಕ್ಕಿಗೇ ಇಟ್ಟಿದ್ದ. ಕಲಿಯುವ ಮಕ್ಕಳಿಗೂ ಗೊತ್ತಿರುವ ಸಂಗತಿ! ಹೋಲಿಸಲೆಂದು ಕೋಣೆಯಲ್ಲಿಟ್ಟಿದ್ದ ಮಾದರಿಯ ಸ್ಪಿನೆಲನ್ನೂ ತಿರುಗಿಸಿ ನೋಡಿದಳು: ಎಲ್ಲ ಕಡೆಯಿಂದಲೂ ಒಂದೇ ಗೆರೆ.

ನಿವೃತ್ತರಾಗಿದ್ದ ಮುಖ್ಯಸ್ಥರಿಗೆ ಫೋನ್ ಮಾಡಿದಳು.

"ಹೋದೋರು ಹೋದ್ರು. ಈಗ್ಯಾಕೆ ಕೆದಕ್ತೀಯಮ್ಮ? ನಿನ್ನ ಕೆಲಸಕ್ಕೇ ಕುತ್ತು ಬರುತ್ತೆ."

"ಬರ್ಲಿ ಬಿಡಿ ಸಾರ್."

'ಕಲ್ಲು ಬದಲಾಗಿಲ್ಲ. ನೋಡದೆ ಹೇಳಿದವಳು ನಾನು' ಎಂದು ಬರೆದು, ಸಹಿ ಹಾಕಿ, ಎಲ್ಲರೂ ಓಡಾಡುವ ಬಾಗಿಲಿಗೇ ಅಂಟಿಸಿದಳು. ಆಮೇಲೆ ಸ್ಟೂಲಿನ ಕಡೆ ತಿರುಗಿದಳು.

"ಅಕ್ಕ, ನೋಡಿದೆ ಕಣೇ. ಪಕ್ಕದಿಂದ ನೋಡಿದೆ."

ಹತ್ತು ವರ್ಷ ತೊಲಗಲಿ ಎಂದು ಬೇಡಿಕೊಂಡಿದ್ದ ದನಿ ಅದು. ಈಗ ಒಂದು ಸಲ ಬಂದರೆ ಸಾಕೆಂದು, ಕಚೇರಿ ಮುಚ್ಚುವವರೆಗೂ ಕಾದಳು. ಬರಲಿಲ್ಲ.