ಒಂಬತ್ತರ ಮಗ್ಗಿಯ ನಂಬರು

ಕುರುಗೋಡಿನ ಬೋರ್ಡ್ ಶಾಲೆಯ ಹಂಪಯ್ಯ ಮೇಷ್ಟ್ರಿಗೆ ಒಂದು ಚಟ. ಎಂಥ ದೊಡ್ಡ ಸಂಖ್ಯೆ ಕಂಡರೂ ಅದರ ಅಂಕಿಗಳನ್ನು ಕೂಡಿಸಿ, ಬಂದದ್ದು ಒಂಬತ್ತರ ಮಗ್ಗಿಯಲ್ಲಿದೆಯೇ ಎಂದು ನೋಡಲೇಬೇಕು. ಇದ್ದರೆ ಇಡೀ ಸಂಖ್ಯೆಯನ್ನೇ ಒಂಬತ್ತು ಶೇಷವಿಲ್ಲದೆ ಭಾಗಿಸುತ್ತದೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುವ ಆಸಾಮಿ. ಮಗ ಮಾರೆಣ್ಣ ಯುದ್ಧಕ್ಕೆ ಹೊರಟಾಗಲೂ ಬಳ್ಳಾರಿ ಸ್ಟೇಷನ್ನಿನಲ್ಲಿ ಅವನ ಕೊರಳ ಬಿಲ್ಲೆಯ ನಂಬರು ಕೂಡಿಸಿ, "ಒಂಬತ್ತು ಹೋಗತೈತಿ, ಶುಭ ಐತಿ, ಹೋಗಿ ಬಾ" ಎಂದಿದ್ದರು. ಎಂಟು ಲಕ್ಷ ಹನ್ನೆರಡು ಸಾವಿರದ ಐನೂರ ಚಿಲ್ಲರೆ. ಚಿಲ್ಲರೆ ಎಷ್ಟೆಂಬುದು ಮರೆತುಹೋಯಿತು. ಒಂಬತ್ತು ಮಾತ್ರ ನೆನಪಿನಲ್ಲಿ ಉಳಿಯಿತು.

ಬರ್ಮಾದಿಂದ ಬರುತ್ತಿದ್ದ ಪತ್ರಗಳು ಒಮ್ಮೆಲೇ ನಿಂತವು. ವರ್ಷದ ಮೇಲೆ ತೆಕ್ಕಲಕೋಟೆಯ ಜೋಗಪ್ಪನೆಂಬ ಸಿಪಾಯಿ, ಕಾಲು ಕಳೆದುಕೊಂಡು ಊರಿಗೆ ಮರಳಿದವನು, ಮೇಷ್ಟ್ರ ಮನೆ ಹುಡುಕಿಕೊಂಡು ಬಂದ.

"ಬಳ್ಳಾರಿ ಜಿಲ್ಲಾದ ಮಾರೆಣ್ಣ ಸತ್ತಾನಂತ ಕ್ಯಾಂಪಿನಾಗ ಕೂಗಿ ಹೇಳಿದ್ರು, ಮೇಷ್ಟ್ರ. ಹೆಣ ನಾ ನೋಡ್ಲಿಲ್ಲ. ನಂಬರು ನೆನಪೈತ್ರಿ. ಎಂಟು ಒಂದು ಎರಡು, ಐದು ಐದು ಆರು."

ಮೇಷ್ಟ್ರು ಕೂಡಿಸಿದರು. ಇಪ್ಪತ್ತೇಳು. ಒಂಬತ್ಮೂರ್ಲೆ ಇಪ್ಪತ್ತೇಳು.

ಸೊಸೆ ಸುಂಕಮ್ಮ ಕಂಬ ಹಿಡಿದು ನಿಂತಿದ್ದಳು. "ಮಾವಾ, ಆ ಹೆಸರಿನೋರು ಊರಿಗೆ ಹತ್ತು ಮಂದಿ ಅದಾರ್ರಿ."

"ಹೆಸರು ಹತ್ತು ಇರಬಹುದವ್ವ. ಅಂಕಿ ಸುಳ್ಳು ಹೇಳಾಂಗಿಲ್ಲ," ಎಂದು ಹೇಳುತ್ತಲೇ ಮೇಷ್ಟ್ರು ಗೋಡೆಗೆ ಹಣೆ ಚಚ್ಚಿಕೊಂಡರು.

ಸುಂಕಮ್ಮನ ಬಳೆ ಒಡೆದರು. ಎಳೆಯ ಜೀವ ಒಣಗಬಾರದೆಂದು ಮರುವರ್ಷ ಮೇಷ್ಟ್ರೇ ಮುಂದೆ ನಿಂತು, ಬಾದನಹಟ್ಟಿಯ ರೈತನೊಬ್ಬನಿಗೆ ಅವಳನ್ನು ಉಡಿಕೆ ಮದುವೆ ಮಾಡಿಕೊಟ್ಟರು. ಅವಳು ಒಲ್ಲೆನೆಂದು ಅತ್ತಳು. "ಸತ್ತಾಂವ ಬರಾಂಗಿಲ್ಲವ್ವ" ಎಂದು ಒಪ್ಪಿಸಿದರು.

ಯುದ್ಧ ಮುಗಿದ ಮೇಲೆ ಮಾರೆಣ್ಣ ಬಂದ. ಜಪಾನಿಯರ ಸೆರೆಯಲ್ಲಿ ಎಲುಬಾಗಿದ್ದ, ಆದರೆ ಬದುಕಿದ್ದ. ಮೇಷ್ಟ್ರು ಅವನ ಮುಖವೆಲ್ಲ ಸವರಿ, ಅಳುತ್ತಾ ನಗುತ್ತಾ ಎಲ್ಲವನ್ನೂ ಕೇಳಿದರು. ಜೋಗಪ್ಪ ಹೇಳಿದ ನಂಬರನ್ನೂ ಹೇಳಿದರು.

"ಐವತ್ತಾರು ನಂದಲ್ಲಪ್ಪ. ನಂದು ನಲವತ್ತೇಳು. ಅಂವ ಸಿರಿಗೇರಿ ಮಾರೆಣ್ಣ. ಭರ್ತಿಗೆ ಪಾಳಿ ಹಚ್ಚಿ ನಂಬರು ಕೊಟ್ಟಾಗ ನನ್ನ ಹಿಂದ ಒಂಬತ್ತನೇದಾಂವ."

ಮೇಷ್ಟ್ರ ನಗು ಅಲ್ಲೇ ಇಂಗಿತು. ಒಂಬತ್ತರಿಂದ ಭಾಗವಾಗುವ ಸಂಖ್ಯೆಗೆ ಒಂಬತ್ತು ಕೂಡಿಸಿದರೆ ಬರುವುದೂ ಭಾಗವಾಗುತ್ತದೆ. ಮೂರನೇ ಕ್ಲಾಸಿನ ಮಕ್ಕಳ ಕಿವಿ ಹಿಂಡಿ ಕಲಿಸಿದ ಪಾಠ. ತಮ್ಮ ಮನೆಯ ದೀಪ ಆರಿಸುವಾಗ ಆ ಪಾಠ ತಲೆಗೆ ಹೊಳೆದಿರಲಿಲ್ಲ.

"ಸುಂಕಿ ಎಲ್ಲಪ್ಪ?"

ಬಾಯಿಂದ ಹೇಳಲಾಗದೆ ಮೇಷ್ಟ್ರು ಅವನನ್ನು ಬಾದನಹಟ್ಟಿಗೇ ಕರೆದುಕೊಂಡು ಹೋದರು. ಸುಂಕಮ್ಮ ಬಾಗಿಲಿಗೆ ಬಂದಳು. ತುಂಬಿದ ಬಸುರಿ. ಮಾರೆಣ್ಣನನ್ನು ನೋಡಿದವಳು ಚೀರಲಿಲ್ಲ, ಅಳಲೂ ಇಲ್ಲ. ಮಾವನ ಕಡೆ ತಿರುಗಿದಳು.

"ನೀವ ಲೆಕ್ಕ ಮಾಡಿ ಹೇಳ್ರಿ ಮಾವಾ. ನಾ ಈಗ ಯಾರ ಹೆಂಡ್ತಿ?"

ಒಳಗಿನಿಂದ ಅವಳ ಗಂಡ, "ಯಾರ್ ಬಂದಾರ?" ಎಂದು ಕೂಗಿದ.