ಲಿಂಗಿಯನ್ನು ಕರೆದವರು

ಸೋಮವಾರಪೇಟೆಯ ಕಾಫಿ ಕ್ಯೂರಿಂಗ್ ವರ್ಕ್ಸ್‌ನ ಹಿಂದೆ ರೇವಣ್ಣನವರ ಮನೆ. ಅಲ್ಲಿ ನಿಂತರೆ, ಕಾಫಿ ಒಣಹಾಕುವ ಕಣದ ಮೇಲೆ ಮರದ ಹಲಗೆಯಿಂದ ಬೀಜ ಹರಗುವ ಕರಕರ ಸದ್ದು, ಕಣದಲ್ಲಿ ಯಾರೂ ಇಲ್ಲದ ಹೊತ್ತಿನಲ್ಲೂ ಕೇಳಿದಂತಾಗುತ್ತದೆ. ಗುಂಡಿ ಹೋದ ಸ್ವೆಟರನ್ನು ಎಡಗೈಯಲ್ಲಿ ಎದೆಗೆ ಹಿಡಿದುಕೊಂಡು, ಬಲಗೈಯ ಒಂದೇ ಬೆರಳಿನಿಂದ ಕೀ ಒತ್ತುತ್ತ ಅವರು ವರ್ಕ್ಸ್‌ನ ಸಾಫ್ಟ್‌ವೇರ್ ಬರೆಯುತ್ತಿದ್ದರು. ಒಂದೊಂದು ಕೆಲಸಕ್ಕೆಂದು ಬರೆದ ತುಣುಕೇ ಮಾಡ್ಯೂಲ್; ಪ್ರತಿ ಮಾಡ್ಯೂಲಿನ ಹೆಸರನ್ನೂ ಕಣದಾಚೆ ಇರುವವರನ್ನು ಕೂಗುವಂತೆ ಬಾಯಿಬಿಟ್ಟು ಹೇಳುತ್ತಿದ್ದರು. ಹೆಸರುಗಳೆಲ್ಲ ಆ ಕೆಲಸವನ್ನು ಮೊದಲು ಕೈಯಲ್ಲಿ ಮಾಡುತ್ತಿದ್ದವರವು.

ಕಾಫಿ ಒಣಗಿದೆಯೇ ಎಂದು ಹೇಳುವ ಮಾಡ್ಯೂಲ್, ಲಿಂಗಿ. ಬೀಜ ಕಚ್ಚಿ ನೋಡಿ ತೀರ್ಪು ಕೊಡುತ್ತಿದ್ದ ಹೆಂಗಸು ಅವಳು. ಸಿಲ್ವರ್ ಓಕ್ ಮರದ ನೆರಳು ಬೀಳುವ ಮೂರನೇ ಕಣದ ಕಾಫಿಗೆ, ತೇವ ಅಳೆಯುವ ಮೀಟರ್ ಏನೇ ಹೇಳಲಿ, ಎರಡು ದಿನ ಹೆಚ್ಚು ಬಿಸಿಲು ಬೇಕೆನ್ನುತ್ತಿದ್ದಳು. ರೇವಣ್ಣ ಅದನ್ನು ಹಾಗೆಯೇ ಬರೆದಿಟ್ಟಿದ್ದರು. ಕಣ, ಗೋದಾಮು, ಲಾರಿ, ಮೂರು ಕಡೆಯ ಪ್ರೋಗ್ರಾಮುಗಳೂ ಅದೊಂದನ್ನೇ ಕರೆಯುತ್ತಿದ್ದವು. "ಒಂದ್ಸಲ ಬರಿ ಕಣವ್ವ, ಬೇಕಾದಾಗೆಲ್ಲ ಕರಿ." ಕಾಲೇಜು ಮುಗಿಸಿ ಅವರ ಸಹಾಯಕಿಯಾಗಿ ಸೇರಿದ ನನಗೆ ಅದೇ ಮೊದಲ ಪಾಠ.

"ಏನ್ ರೇವಣ್ಣ, ನಾವ್ ಸತ್ರೂ ಡ್ಯೂಟಿ ಬಿಡ್ಸಲ್ವಾ?" ಎಂದು, ತಮ್ಮ ಹೆಸರಿನದೂ ಒಂದು ಮಾಡ್ಯೂಲ್ ಇದ್ದ ಗೋದಾಮಿನ ಚನ್ನಬಸಮ್ಮ ನಗುತ್ತಿದ್ದರು.

ಈ ಜನವರಿಯಲ್ಲಿ ಲಿಂಗಿ ತೀರಿಕೊಂಡಳು. ವರ್ಷ ತುಂಬುವವರೆಗೆ ಸತ್ತವರನ್ನು ಹೆಸರು ಹಿಡಿದು ಕೂಗಬಾರದೆಂಬುದು ರೇವಣ್ಣನವರ ಮನೆಯ ನಡವಳಿಕೆ. ಲಿಂಗಿಯ ಮಾಡ್ಯೂಲನ್ನು ಇದ್ದಲ್ಲೇ ಬಿಟ್ಟು, ಅದನ್ನು ಕರೆಯುವ ಸಾಲನ್ನು ಮಾತ್ರ ಮೂರೂ ಕಡೆ ಅಳಿಸಿ, ಬರೀ ಮೀಟರ್ ಓದುವ ಹೊಸ ಮಾಡ್ಯೂಲ್ ಕೂರಿಸಿದರು. ಅದರೊಂದಿಗೆ ಅವಳ ಆ ಎರಡು ದಿನವೂ ಹೋಯಿತೆಂದು ಅವರಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ.

ಫೆಬ್ರವರಿಯ ಒಂದು ಮಧ್ಯಾಹ್ನ ಮೂರನೇ ಕಣದ ಕಾಫಿ ಲಾರಿಗೇರುತ್ತಿತ್ತು. ಒಣಗಿದೆ ಎಂದು ವರ್ಕ್ಸ್‌ನ ಸಾಹುಕಾರರಿಗೆ ಬರೆದುಕೊಟ್ಟವರು ರೇವಣ್ಣ. ದಾರಿಯಲ್ಲಿ ಬೂಷ್ಟು ಹಿಡಿದರೆ ಅವರ ಇಪ್ಪತ್ತೆರಡು ವರ್ಷದ ಕೆಲಸ ಮುಗಿದಂತೆ. ಯಾವ ಮಾಡ್ಯೂಲನ್ನು ಯಾರು ಕರೆದರೆಂಬ ದಾಖಲೆಯನ್ನು ನಾನು ಪರದೆಯ ಮೇಲೆ ನೋಡುತ್ತಿದ್ದೆ. ಲಿಂಗಿಗೆ ಕರೆ ಬಂದಿತ್ತು, ಈಗಷ್ಟೇ. ಕರೆದವರ ಜಾಗ ಖಾಲಿ. ಉತ್ತರ: ಇನ್ನೆರಡು ದಿನ.

"ಸರ್, ನೀವು ಕರೆದ್ರಾ?"

"ನಾನ್ಯಾಕ್ ಕರೀಲವ್ವ?"

ಅವರು ಮೂರೂ ಕಡೆ ಹುಡುಕಿದರು. ಎಲ್ಲಿಯೂ ಅವಳ ಹೆಸರಿರಲಿಲ್ಲ. ನೋಡುತ್ತಿದ್ದಂತೆ ಕೆಳಗೆ ಇನ್ನೊಂದು ಸಾಲು ಮೂಡಿತು: ಇನ್ನೆರಡು ದಿನ.

ಮೇಜಿನ ಮೇಲಿದ್ದ ಮೂರನೇ ಕಣದ ಸ್ಯಾಂಪಲ್‌ನಿಂದ ರೇವಣ್ಣ ಒಂದು ಬೀಜ ತೆಗೆದು ಕಚ್ಚಿದರು. ಮುರಿಯಲಿಲ್ಲ, ಹಸಿ ಇನ್ನೂ ಆರಿರಲಿಲ್ಲ; ಮೆತ್ತಗೆ ಹಲ್ಲಿನ ಗುರುತು ಬಿತ್ತು.

ಒಬ್ಬರ ಅರಿವನ್ನು ಬರೆದಿಟ್ಟು, ಹೆಸರಿಟ್ಟು, ಬೇಕಾದಾಗ ಕರೆಯುವವರು, ಕರೆಯದಿದ್ದರೆ ಅದು ಸುಮ್ಮನಿರುತ್ತದೆಂದು ನಂಬಿಕೊಂಡೇ ಬದುಕಿರುತ್ತಾರೆ. ಆ ನಂಬಿಕೆ ಹೋದ ಮೇಲೂ ಅವರು ಕೆಲಸ ಬಿಡುವುದಿಲ್ಲ. ದನಿ ತಗ್ಗಿಸುತ್ತಾರೆ, ಅಷ್ಟೇ.

"ಲಾರಿ ನಿಲ್ಲಿಸ್ತೀನಿ," ಎಂದು ಎದ್ದರು. "ಯಾರ್ ಹೇಳಿದ್ದು ಅಂತ ಸಾಹುಕಾರ್ರು ಕೇಳಿದ್ರೆ, ನೀನ್ ಮಾತ್ರ ಅವ್ಳ ಹೆಸ್ರು..." ಎನ್ನುತ್ತಲೇ ಕಣದ ಕಡೆ ನಡೆದುಬಿಟ್ಟರು.